ಟಿಕೆಟ್ಟಿನಲ್ಲಿ ‘ಡಿಎಂಕೆ’ ಅಂತಿದ್ದರೆ ನನ್ನ ಹಾಗೆ ನಕ್ಕು ಸುಮ್ಮನಾಗಬೇಡಿ

ಬ್ಯಾಂಕಾಕ್‌ನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ವಿಮಾನ ಹತ್ತಿ ಫುಕೆಟ್, ಕ್ರಾಬಿ, ಚಿಯಾಂಗ್ ಮಾಯ್ ಅಂತ ಹೋಗುವವರು ಯಾರಾದರೂ ಇದ್ದೀರಾ? ಹಾಗಾದರೆ ಮೊದಲು ಎರಡೂ ಟಿಕೆಟ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಊರಿನ ಹೆಸರು ಬಿಡಿ, ಅದರ ಕೆಳಗಿರುವ ಮೂರಕ್ಷರ ನೋಡಿ. ಒಂದರಲ್ಲಿ ಬಿಕೆಕೆ, ಇನ್ನೊಂದರಲ್ಲಿ ಡಿಎಂಕೆ ಅಂತಿದ್ದರೆ ನೀವು ಇಳಿಯುವ ಏರ್‌ಪೋರ್ಟೇ ಬೇರೆ, ಹತ್ತುವ ಏರ್‌ಪೋರ್ಟೇ ಬೇರೆ. ನಡುವೆ ರಸ್ತೆಯಲ್ಲಿ ಸುಮಾರು 45 ಕಿಲೋಮೀಟರ್ ಇದೆ. ನನಗೆ ಇದು ಗೊತ್ತಾಗಿದ್ದು ಬೆಳಗ್ಗೆ 8 ಗಂಟೆಗೆ. ನಮ್ಮ ವಿಮಾನ ಇದ್ದದ್ದು 9.25ಕ್ಕೆ.

ನಾಲ್ಕು ಜನ ಹೊರಟಿದ್ದೆವು. ನಾನು, ಹೆಂಡತಿ, 8 ವರ್ಷದ ಮಗಳು, ನಮ್ಮಮ್ಮ. ಅಮ್ಮನಿಗೆ ಇದು ಮೊದಲ ವಿದೇಶ ಪ್ರಯಾಣ. ಬೆಂಗಳೂರಿಂದ ಕ್ರಾಬಿಗೆ ಒಂದೇ ಟಿಕೆಟ್ ತೊಗೊಂಡರೆ ಜಾಸ್ತಿ ಆಗುತ್ತೆ, ಬ್ಯಾಂಕಾಕ್‌ವರೆಗೆ ಒಂದು, ಅಲ್ಲಿಂದ ಇನ್ನೊಂದು ಅಂತ ಬಿಡಿಬಿಡಿಯಾಗಿ ತೊಗೊಂಡರೆ ಎಲ್ಲರದ್ದೂ ಸೇರಿ 6 ಸಾವಿರ ಉಳಿಯುತ್ತೆ ಅಂತ ಲೆಕ್ಕ ಹಾಕಿದೆ. ಏಜೆಂಟರೂ ಇಲ್ಲ, ಏನೂ ಇಲ್ಲ. ರಾತ್ರಿ ಊಟ ಆದಮೇಲೆ ಸೋಫಾದಲ್ಲಿ ಕೂತು ನಾನೇ ಬುಕ್ ಮಾಡಿದ್ದು.

ಎರಡನೇ ಟಿಕೆಟ್ ಬಂತು. ‘ಬ್ಯಾಂಕಾಕ್’ ಅಂತ ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ಬೂದು ಬಣ್ಣದಲ್ಲಿ ಸಣ್ಣದಾಗಿ ಡಿಎಂಕೆ.

‘ಏನ್ರೀ ಇದು, ಥಾಯ್ಲೆಂಡ್‌ನಲ್ಲೂ ತಮಿಳುನಾಡಿನ ಪಾರ್ಟಿನಾ?’ ಅಂದಳು ಹೆಂಡತಿ.

ಇಬ್ಬರೂ ನಕ್ಕೆವು. ನಾನು ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೂ ಹಾಕಿದೆ. ಭಾವ ಉದಯಸೂರ್ಯನ ಚಿತ್ರ ಕಳಿಸಿದರು. ಚಿಕ್ಕಪ್ಪ ‘ವಣಕ್ಕಂ’ ಅಂದರು. ಗ್ರೂಪಿನಲ್ಲಿ 11 ಜನ ಇದ್ದೀವಿ. ಡಿಎಂಕೆ ಅಂದರೆ ನಿಜವಾಗಿ ಏನು ಅಂತ ಒಬ್ಬರೂ ಕೇಳಲಿಲ್ಲ. ಕೇಳಬೇಕಾದವನು ನಾನು, ಅವರನ್ನು ಅಂದು ಏನು ಪ್ರಯೋಜನ.

ಅದು ಡಾನ್ ಮುವಾಂಗ್ ಏರ್‌ಪೋರ್ಟ್. ಊರಿನ ಉತ್ತರಕ್ಕಿದೆ. ತುಂಬಾ ಹಳೆಯದು, 1914ರಲ್ಲೇ ಶುರುವಾಗಿದ್ದು. ಎಷ್ಟೋ ಕಾಲ ಬ್ಯಾಂಕಾಕ್ ಏರ್‌ಪೋರ್ಟ್ ಅಂದರೆ ಅದೇ, ಬಿಕೆಕೆ ಅನ್ನೋ ಅಕ್ಷರಗಳೂ ಅದರದ್ದೇ. 2006ರ ಸೆಪ್ಟೆಂಬರ್‌ನಲ್ಲಿ ಊರಿನ ಪೂರ್ವಕ್ಕೆ ಸುವರ್ಣಭೂಮಿ ಅಂತ ಹೊಸದು ಶುರುವಾಯಿತು. ಬಿಕೆಕೆ ಹೊಸದಕ್ಕೆ ಹೋಯಿತು, ಹಳೆಯದಕ್ಕೆ ಡಿಎಂಕೆ ಬಂತು. ನಾವು 2008ರಲ್ಲಿ ದೇವನಹಳ್ಳಿಯದು ಶುರುವಾದಾಗ ಎಚ್‌ಎಎಲ್ ಏರ್‌ಪೋರ್ಟಿಗೆ ಬಾಗಿಲು ಹಾಕಿಬಿಟ್ಟೆವು. ಅವರೂ ಹಾಕಿದರು, ಆದರೆ ಮುಂದಿನ ವರ್ಷವೇ ಮತ್ತೆ ತೆಗೆದರು. ಈಗ ಅಗ್ಗದ ವಿಮಾನಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹಾರೋದು. ಬೆಂಗಳೂರಲ್ಲಿರುವ ನಮ್ಮ ತಲೆಯಲ್ಲಿ ಊರಿಗೊಂದೇ ಏರ್‌ಪೋರ್ಟ್. ಹೆಚ್ಚೆಂದರೆ ಟಿ1ಆ ಟಿ2ಆ ಅಂತ ಕೇಳ್ತೀವಿ. ಟರ್ಮಿನಲ್ ತಪ್ಪಿದರೆ ಏನಾಯ್ತು, ಹತ್ತು ನಿಮಿಷದ ಕೆಲಸ.

ಇನ್ನೊಂದು ಮೋಸ ಇದೆ, ಇದು ಗೊತ್ತಿರಲಿ. ಬಿಕೆಕೆ ಅನ್ನೋದು ಸುವರ್ಣಭೂಮಿಯ ಕೋಡೂ ಹೌದು, ಇಡೀ ಬ್ಯಾಂಕಾಕ್ ನಗರದ ಕೋಡೂ ಹೌದು. ಹಾಗಾಗಿ ಬಿಕೆಕೆ ಅಂತಲೇ ಟೈಪ್ ಮಾಡಿ ಹುಡುಕಿದರೂ ಎಷ್ಟೋ ಕಡೆ ಡಿಎಂಕೆಯಿಂದ ಹೊರಡುವ ವಿಮಾನಗಳೂ ಬರುತ್ತವೆ. ಬೆಲೆ ಕಮ್ಮಿ ಇರೋದರಿಂದ ಅವೇ ಮೇಲೆ ಕೂತಿರುತ್ತವೆ.

ನಾನು ಬೇರೆಲ್ಲಾ ವಿಷಯದಲ್ಲಿ ಬಲು ಜಾಣ. 2025ರ ಮೇ ತಿಂಗಳಿಂದ ಥಾಯ್ಲೆಂಡ್‌ಗೆ ಹೋಗುವವರು ಡಿಜಿಟಲ್ ಅರೈವಲ್ ಕಾರ್ಡ್ ತುಂಬಿಸಬೇಕು. ನಾಲ್ಕೂ ಜನರದ್ದು ತುಂಬಿಸಿ ಪ್ರಿಂಟ್ ತೆಗೆದಿಟ್ಟಿದ್ದೆ. ಹೋಟೆಲ್ಲಿನ ಕಾಗದ, ವಾಪಸ್ ಟಿಕೆಟ್, ಅಮ್ಮನ ಬಿಪಿ ಮಾತ್ರೆಯ ಚೀಟಿ, ಎಲ್ಲಾ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ.

ಬೆಳಗ್ಗೆ 6 ಗಂಟೆ ಸುಮಾರಿಗೆ ಸುವರ್ಣಭೂಮಿಯಲ್ಲಿ ಇಳಿದೆವು. ಇಮಿಗ್ರೇಷನ್ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು. ಒಂದು ಗಂಟೆ ಅಲ್ಲೇ ಹೋಯಿತು. ಟಿಕೆಟ್ ಬೇರೆಬೇರೆ ಆದ್ದರಿಂದ ಲಗೇಜು ಬ್ಯಾಂಕಾಕ್‌ವರೆಗೆ ಮಾತ್ರ. ಬೆಲ್ಟಿನ ಹತ್ತಿರ ನಿಂತು ಅದನ್ನೂ ಇಳಿಸಿಕೊಂಡು, ನಾಲ್ಕನೇ ಮಹಡಿಯ ಡಿಪಾರ್ಚರ್ ಹಾಲ್‌ಗೆ ಬರುವಾಗ 7.40. ಪರವಾಗಿಲ್ಲ, ಟೈಮ್ ಇದೆ ಅಂದುಕೊಂಡೆ.

ದೊಡ್ಡ ಬೋರ್ಡಿನಲ್ಲಿ ಕ್ರಾಬಿ ಇತ್ತು! ಇದೇ ನೋಡಿ ಕೆಟ್ಟಿದ್ದು. ಕ್ರಾಬಿಗೆ ಎರಡೂ ಏರ್‌ಪೋರ್ಟಿನಿಂದ ವಿಮಾನ ಇದೆ. ಟೈಮೂ ನಮ್ಮದಕ್ಕೆ ಹತ್ತಿರವೇ ಇತ್ತು. ನಂಬರ್ ಬೇರೆ ಅಂತ ಕಂಡರೂ, ಈಗೆಲ್ಲಾ ಒಂದೇ ವಿಮಾನಕ್ಕೆ ಎರಡು ಮೂರು ನಂಬರ್ ಇರುತ್ತಲ್ಲ, ಅದೇ ಇರಬೇಕು ಅಂತ ನನಗೆ ನಾನೇ ಹೇಳಿಕೊಂಡು ಎಲ್ಲರನ್ನೂ ಆ ಸಾಲಿನಲ್ಲಿ ನಿಲ್ಲಿಸಿದೆ. ಇಪ್ಪತ್ತು ನಿಮಿಷ ನಿಂತೆವು. ನಮ್ಮ ಸರದಿ ಬಂತು. ಕೌಂಟರಿನ ಹುಡುಗಿ ನಾಲ್ಕೂ ಪಾಸ್‌ಪೋರ್ಟ್ ನೋಡಿದಳು, ಫೋನಿನಲ್ಲಿದ್ದ ಟಿಕೆಟ್ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಆಮೇಲೆ ಆ ಬೂದು ಬಣ್ಣದ ಮೂರಕ್ಷರದ ಕೆಳಗೆ ಪೆನ್ನಿನ ತುದಿ ಇಟ್ಟು, ‘ಡಾನ್ ಮುವಾಂಗ್’ ಅಂದಳು. ಬೈಯಲಿಲ್ಲ, ನಗಲಿಲ್ಲ. ದಿನಕ್ಕೆ ಹತ್ತು ಜನಕ್ಕಾದರೂ ಹೀಗೆ ಹೇಳಿರುತ್ತಾಳೆ ಅನ್ನಿಸಿತು.

ನನ್ನ ಕೈಕಾಲು ತಣ್ಣಗಾಯಿತು. ಅಮ್ಮ ಟ್ರಾಲಿ ಮೇಲೆ ಕೈ ಇಟ್ಟುಕೊಂಡು ಆರಾಮಾಗಿದ್ದರು.

‘ಯಾಕೋ ಗಾಬರಿ? ಇನ್ನೂ ಆರೂವರೆ ಕಣೋ. ಒಂಬತ್ತೂವರೆಗೆ ತಾನೇ ಫ್ಲೈಟು?’

ಅವರ ಕೈಗಡಿಯಾರ ಇನ್ನೂ ಬೆಂಗಳೂರಲ್ಲೇ ಇತ್ತು. ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ.

ಟ್ಯಾಕ್ಸಿ ಸಿಗೋದು ಒಂದನೇ ಮಹಡಿಯಲ್ಲಿ. ಮಷೀನ್ ಒತ್ತಿದರೆ ಚೀಟಿ ಬರುತ್ತೆ, ಚೀಟಿಯಲ್ಲಿರುವ ನಂಬರಿನ ಜಾಗದಲ್ಲಿ ಟ್ಯಾಕ್ಸಿ ನಿಂತಿರುತ್ತೆ. ಆ ವ್ಯವಸ್ಥೆ ಚೆನ್ನಾಗಿದೆ. ಆದರೆ ಸೋಮವಾರ ಬೆಳಗ್ಗೆ ಎಂಟೂಕಾಲು. ಸಿಲ್ಕ್ ಬೋರ್ಡ್ ನೋಡಿದವರಿಗೆ ಬ್ಯಾಂಕಾಕ್ ಟ್ರಾಫಿಕ್ ಬಗ್ಗೆ ಹೇಳೋದೇನಿಲ್ಲ. ಟೋಲ್ ರಸ್ತೆಯ ಮೇಲೆ ಹೋದರೂ ಕಾರು ತೆವಳುತ್ತಿತ್ತು. ಡ್ರೈವರ್ ಒಳ್ಳೆಯ ಮನುಷ್ಯ. ಟೈಮ್ ತೋರಿಸಿ ಕೈಮುಗಿದೆ, ಅವನೂ ತಿರುಗಿ ಕೈಮುಗಿದ. ಮೀಟರು, ಟೋಲು, ಏರ್‌ಪೋರ್ಟಿನಿಂದ ಹತ್ತಿದ್ದಕ್ಕೆ ಮೇಲೆ 50 ಬಾತ್, ಎಲ್ಲಾ ಸೇರಿ 500 ಬಾತ್ ಹತ್ತಿರ ಆಯಿತು. ‘ಅಪ್ಪಾ, ಇದು ವಾಂಗೀಬಾತಾ ಬಿಸಿಬೇಳೆ ಬಾತಾ?’ ಅಂದಳು ಮಗಳು. ಯಾರೂ ನಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಡಾನ್ ಮುವಾಂಗ್‌ನಲ್ಲಿ ಎರಡು ಟರ್ಮಿನಲ್. ಒಂದನೆಯದು ವಿದೇಶದ ವಿಮಾನಗಳಿಗೆ, ಎರಡನೆಯದು ದೇಶದೊಳಗಿನ ವಿಮಾನಗಳಿಗೆ. ನಮ್ಮ ಮುಖ ನೋಡಿ ಇವರು ಊರಿಗೆ ವಾಪಸ್ ಹೊರಟವರು ಅಂದುಕೊಂಡನೋ ಏನೋ, ಡ್ರೈವರ್ ಟಿ1 ಮುಂದೆ ಇಳಿಸಿದ. ನಾವು ಹೋಗಬೇಕಾದದ್ದು ಟಿ2. ಒಳಗಿನಿಂದಲೇ ದಾರಿ ಇದೆ, ದೂರವೂ ಅಲ್ಲ. ಆದರೆ ಎರಡು ಟ್ರಾಲಿ, ಒಬ್ಬ ಅಜ್ಜಿ, ನಿದ್ದೆಗೆಟ್ಟ ಮಗು ಇಟ್ಟುಕೊಂಡು ಓಡಿದರೆ ಅದೇ ಮೈಲಿ ಆಗುತ್ತೆ. ಕೌಂಟರ್ ತಲುಪಿದಾಗ 9.20. ಚೆಕ್ಇನ್ ಮುಚ್ಚಿ ಎಷ್ಟೋ ಹೊತ್ತಾಗಿತ್ತು. ಅಲ್ಲಿದ್ದ ಹುಡುಗ ತಲೆ ಅಲ್ಲಾಡಿಸಿ, ಹೊಸ ಟಿಕೆಟ್ ಕೊಡುವ ಕೌಂಟರ್ ಕಡೆ ಕೈ ತೋರಿಸಿದ.

ಮಧ್ಯಾಹ್ನದ ವಿಮಾನದಲ್ಲಿ ಸೀಟು ಸಿಕ್ಕಿತು. ನಾಲ್ಕು ಜನಕ್ಕೆ 8 ಸಾವಿರ ಬಾತ್ ದಾಟಿತು, ನಮ್ಮ ಲೆಕ್ಕದಲ್ಲಿ 20 ಸಾವಿರ ರೂಪಾಯಿ ಮೇಲೆ. ಅದರ ಮೇಲೆ ಲಗೇಜಿಗೆ ಬೇರೆ ದುಡ್ಡು. ಹಳೆಯ ಟಿಕೆಟ್ಟಿನಲ್ಲಿ ಮೊದಲೇ ಲಗೇಜ್ ಸೇರಿಸಿದ್ದೆ, ಹೊಸದರಲ್ಲಿ ಅದು ಇರಲಿಲ್ಲ. ಚಟ್ನಿಪುಡಿ, ಕೋಡುಬಳೆ, ಅವಲಕ್ಕಿ, ಪುಟ್ಟದೊಂದು ಕುಕ್ಕರ್ ಎಲ್ಲಾ ಕೆಜಿ ಲೆಕ್ಕದಲ್ಲಿ ತೂಗಿದವು. ಆ ಕೋಡುಬಳೆಯನ್ನು ಕ್ರಾಬಿಯಲ್ಲಿ ತಿನ್ನುವಾಗ ಒಂದೊಂದಕ್ಕೂ ಎಷ್ಟು ಬಿತ್ತು ಅಂತ ಹೆಂಡತಿ ಲೆಕ್ಕ ಹೇಳುತ್ತಿದ್ದಳು.

ದುಡ್ಡು ವಾಪಸ್ ಬರುತ್ತಾ ಅಂತ ಎಲ್ಲರನ್ನೂ ಕೇಳಿದೆ. ಮೊದಲ ವಿಮಾನದವರು, ನಾವು ನಿಮ್ಮನ್ನು ಸರಿಯಾದ ಸಮಯಕ್ಕೆ ಬ್ಯಾಂಕಾಕ್‌ಗೆ ತಲುಪಿಸಿದ್ದೇವೆ ಅಂದರು. ನಿಜವೇ. ಎರಡನೆಯವರು, ನಮ್ಮ ವಿಮಾನ ಸರಿಯಾದ ಸಮಯಕ್ಕೆ ಹೋಗಿದೆ, ನೀವೇ ಬರಲಿಲ್ಲ ಅಂದರು. ಅದೂ ನಿಜ. ಇನ್ಶೂರೆನ್ಸ್‌ನವರಂತೂ ಅರ್ಜಿಯನ್ನೇ ತೊಗೊಳ್ಳಲಿಲ್ಲ. ಟಿಕೆಟ್ ಎರಡಾದರೆ ನಡುವಿನ ಜವಾಬ್ದಾರಿ ಪೂರ್ತಿ ನಮ್ಮದು. ಒಂದೇ ಟಿಕೆಟ್ಟಿನಲ್ಲಿ ಮುಂದಿನ ವಿಮಾನ ತಪ್ಪಿದ್ದರೆ ಅವರೇ ಏನಾದರೂ ವ್ಯವಸ್ಥೆ ಮಾಡಬೇಕಾಗುತ್ತಿತ್ತು. ನಾನು ಉಳಿಸಿದ 6 ಸಾವಿರ ಅಂದರೆ ಇದೇ.

ಬಿಡಿ ಟಿಕೆಟ್ಟೇ ಬೇಕು ಅನ್ನುವವರು ಎರಡೂ ಬಿಕೆಕೆ ಇರುವಂಥದ್ದು ಹುಡುಕಿ. ಬೆಂಗಳೂರಿಂದ ನೇರ ಡಾನ್ ಮುವಾಂಗ್‌ಗೇ ಹೋಗುವ ವಿಮಾನವೂ ಇದೆ, ಹಾಗಿದ್ದರೆ ಎರಡೂ ಡಿಎಂಕೆ ಇರಲಿ. ಏನೂ ಮಾಡೋಕಾಗಲ್ಲ, ಅಲ್ಲಿಂದ ಇಲ್ಲಿಗೆ ಹೋಗಲೇಬೇಕು ಅಂದರೆ ಇಳಿಯೋದಕ್ಕೂ ಹತ್ತೋದಕ್ಕೂ ನಡುವೆ ಕನಿಷ್ಠ 6 ಗಂಟೆ ಇಟ್ಟುಕೊಳ್ಳಿ. ಜಾಸ್ತಿ ಅನ್ನಿಸಬಹುದು. ಇಮಿಗ್ರೇಷನ್ ಒಂದು ಗಂಟೆ, ಲಗೇಜು, ರಸ್ತೆಯಲ್ಲಿ ಒಂದೂವರೆ ಎರಡು ಗಂಟೆ, ಮತ್ತೆ ಚೆಕ್ಇನ್, ಕೂಡಿ ನೋಡಿ.

ದುಡ್ಡೇ ಕೊಡದೆ ಹೋಗುವ ಬಸ್ಸೂ ಇದೆ. ನನಗೆ ಆ ಬೆಳಗ್ಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಟೈಮ್ ಇರಲಿಲ್ಲ ಬಿಡಿ. ಸುವರ್ಣಭೂಮಿಯ ಎರಡನೇ ಮಹಡಿಯಲ್ಲಿ 3ನೇ ಬಾಗಿಲ ಹತ್ತಿರ ನಿಲ್ಲುತ್ತೆ. ಮುಂದಿನ ವಿಮಾನದ ಟಿಕೆಟ್ ತೋರಿಸಿದರೆ ಸಾಕು. ಟ್ರಾಫಿಕ್ ಹೆದರಿಕೆ ಇರುವವರಿಗೆ ರೈಲು: ಏರ್‌ಪೋರ್ಟಿನ ಕೆಳಗಿಂದಲೇ ಹೊರಡುವ ರೈಲಿನಲ್ಲಿ ಮಕ್ಕಾಸಾನ್, ಅಲ್ಲಿ ಇಳಿದು ಪಕ್ಕದ ಮೆಟ್ರೋದಲ್ಲಿ ಬಾಂಗ್ ಸೂ, ಅಲ್ಲಿಂದ ಕೆಂಪು ಲೈನಿನಲ್ಲಿ ಡಾನ್ ಮುವಾಂಗ್. ಒಂಟಿಯಾಗಿ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಹೋಗುವವರಿಗೆ ಸರಿ. ಕುಕ್ಕರ್ ಹೊತ್ತುಕೊಂಡು ಹೋಗುವವರಿಗೆ ಅಲ್ಲ.

ವಾಪಸ್ ಬರುವಾಗಲೂ ಇದೇ ಕಥೆ ಕಾದಿತ್ತು. ಕ್ರಾಬಿಯಿಂದ ಬಂದು ಇಳಿಯೋದು ಡಾನ್ ಮುವಾಂಗ್, ಬೆಂಗಳೂರಿಗೆ ಹೊರಡೋದು ಸುವರ್ಣಭೂಮಿ. ಈ ಸಲ ಪುಣ್ಯಕ್ಕೆ ನಡುವೆ 7 ಗಂಟೆ ಇತ್ತು. ಬಸ್ಸಿನಲ್ಲಿ ಆರಾಮಾಗಿ ಕೂತು ಹೋದೆವು. ಸುವರ್ಣಭೂಮಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ದಾಟಿದರೆ ಸಮುದ್ರಮಥನದ ದೊಡ್ಡ ಪ್ರತಿಮೆ ಇದೆ. ಕೆಳಗೆ ಕೂರ್ಮ, ಮೇಲೆ ವಿಷ್ಣು, ವಾಸುಕಿಯನ್ನು ಒಂದು ಕಡೆಯಿಂದ ದೇವತೆಗಳು, ಇನ್ನೊಂದು ಕಡೆಯಿಂದ ಅಸುರರು ಎಳೆಯುತ್ತಿದ್ದಾರೆ. ಅಮ್ಮ ಅದರ ಮುಂದೆ ಸುಮಾರು ಹೊತ್ತು ನಿಂತರು. ಕೈಮುಗಿದರು. ಆಮೇಲೆ, ‘ಆ ಹಾವಿನ ಪಾಡೂ ನಮ್ಮದೇ ಆಯ್ತಲ್ಲೋ, ಆ ಕಡೆಗೊಂದ್ಸಲ ಈ ಕಡೆಗೊಂದ್ಸಲ’ ಅಂದರು.

ಇದು ಬ್ಯಾಂಕಾಕ್ ಒಂದರ ಕಾಟ ಅಲ್ಲ. ಇಸ್ತಾಂಬುಲ್‌ನಲ್ಲಿ ಒಂದು ಏರ್‌ಪೋರ್ಟ್ ಯುರೋಪ್ ಕಡೆ, ಇನ್ನೊಂದು ಏಷ್ಯಾ ಕಡೆ. ಟೋಕಿಯೋದಲ್ಲಿ ಹನೇಡಾ ಊರಿಗೆ ಹತ್ತಿರ, ನರೀಟಾ ಪಕ್ಕದ ಜಿಲ್ಲೆಯಲ್ಲಿ. ನ್ಯೂಯಾರ್ಕ್ ಅಂತ ಟಿಕೆಟ್ ತೊಗೊಂಡು ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಇಳಿದ ಅಪ್ಪ ಅಮ್ಮಂದಿರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ಅಷ್ಟು ದೂರ ಯಾಕೆ, ಗೋವಾ ನೋಡಿ. 2023ರ ಜನವರಿಯಿಂದ ಅಲ್ಲೂ ಎರಡು. ದಾಬೋಲಿಮ್ ಜಿಒಐ, ಮೋಪಾ ಜಿಒಎಕ್ಸ್. ಕಡೆಯ ಒಂದಕ್ಷರ ಮಾತ್ರ ವ್ಯತ್ಯಾಸ. ಮೋಪಾ ಇರೋದು ಉತ್ತರದ ತುದಿಯಲ್ಲಿ, ಮಹಾರಾಷ್ಟ್ರದ ಗಡಿ ಹತ್ತಿರ. ಕಾರವಾರದ ಕಡೆ ಹೋಗುವವರು ಅಲ್ಲಿ ಇಳಿದರೆ ಇಡೀ ಗೋವಾ ದಾಟಿ ಬರಬೇಕು.

ಹೋದ ವಾರ ಕಾರವಾರದ ಗೆಳೆಯನೊಬ್ಬ ದೆಹಲಿಯಿಂದ ಮೆಸೇಜ್ ಮಾಡಿದ. ಹಬ್ಬಕ್ಕೆ ಊರಿಗೆ ಬರುತ್ತಿದ್ದೇನೆ, ಗೋವಾ ಟಿಕೆಟ್ ಅಗ್ಗಕ್ಕೆ ಸಿಕ್ಕಿತು, ಅಣ್ಣ ಕಾರು ತೊಗೊಂಡು ದಾಬೋಲಿಮ್‌ಗೆ ಬರುತ್ತಾನೆ ಅಂತ.

‘ಐ ಇದೆಯೋ ಎಕ್ಸ್ ಇದೆಯೋ ನೋಡು’ ಅಂತ ಕಳಿಸಿದೆ.

ನೀಲಿ ಗೆರೆ ಬಂತು. ಐದು ನಿಮಿಷ ಏನೂ ಇಲ್ಲ. ಆಮೇಲೆ ಉತ್ತರ ಬಂತು: ‘ಅಯ್ಯೋ. ಅಣ್ಣನಿಗೆ ಫೋನ್ ಮಾಡ್ತೀನಿ ಇರು.’