ಮಾತ್ರೆ, ಒಂದು ಇಂಜೆಕ್ಷನ್, ಇನ್ನೊಂದು ಇಂಜೆಕ್ಷನ್: ನನ್ನ ಬಲಭುಜ ಕಂಡದ್ದು

ಐದು ತಿಂಗಳು ನನ್ನ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ 'ಸ್ಟೆರಾಯ್ಡ್ ಅಲರ್ಜಿ' ಎಂದು ಬರೆದಿತ್ತು. ಆ ಬರಹ ತಪ್ಪಾಗಿತ್ತು. ಒಂದೇ ಭುಜಕ್ಕೆ ಮೂರು ಬಗೆಯ ಸ್ಟೆರಾಯ್ಡ್ ತೆಗೆದುಕೊಂಡ ನಾನು ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ಬರೆಯುತ್ತಿರುವುದು ಆ ಕಾರಣಕ್ಕೆ.

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿನಲ್ಲಿ ನಾವು ರೇಷ್ಮೆ ಹುಳು ಸಾಕುತ್ತೇವೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳುಗಳಿಗೆ ಹೊತ್ತು ತಪ್ಪದೆ ಸೊಪ್ಪು ಬೀಳಬೇಕು. ಆ ಆತುರದಲ್ಲಿ ಸೊಪ್ಪಿನ ಹೊರೆಯೊಂದಿಗೆ ಹುಳುಮನೆಯ ಮೆಟ್ಟಿಲಲ್ಲಿ ಜಾರಿಬಿದ್ದೆ. ಮೂಳೆ ಮುರಿಯಲಿಲ್ಲ. ಭುಜದ ಸ್ನಾಯುರಜ್ಜು ಸ್ವಲ್ಪ ಹರಿದು ಬಾತುಕೊಂಡಿತ್ತು. ಕೈಯೆತ್ತಿ ಜಡೆ ಹೆಣೆದುಕೊಳ್ಳಲೂ ಆಗದು.

ಮೊದಲು ಕೊಟ್ಟದ್ದು ಪ್ರೆಡ್ನಿಸೋಲೋನ್ ಮಾತ್ರೆ. ಬೆಳಗಿನ ತಿಂಡಿಯ ನಂತರ ನುಂಗಬೇಕು, ದಿನ ಕಳೆದಂತೆ ಪ್ರಮಾಣ ಇಳಿಸಬೇಕು, ಒಟ್ಟು ಹತ್ತು ದಿನ. ಮೂರನೇ ದಿನಕ್ಕೆ ನೋವು ಇಳಿಯಿತು. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ, ಹೊಟ್ಟೆ ಉರಿಯಿತು, ಹಸಿವು ಹೆಚ್ಚಿತು. ಮಾತ್ರೆ ನಿಂತ ವಾರದಲ್ಲೇ ನೋವು ಮರಳಿತು. ತುರಿಕೆ ಮಾತ್ರ ಒಂದಿಷ್ಟೂ ಬರಲಿಲ್ಲ. ಇದು ದೊಡ್ಡ ಸುಳಿವು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಎರಡನೆಯದು ಭುಜಕ್ಕೆ ನೇರವಾಗಿ ಕೊಟ್ಟ ಇಂಜೆಕ್ಷನ್, ಮಿಥೈಲ್‌ಪ್ರೆಡ್ನಿಸೋಲೋನ್ ಅಸಿಟೇಟ್. ನಮ್ಮ ಯಜಮಾನರು ಬಿಲ್ ಕಟ್ಟಲು ಹೋಗಿದ್ದರು, ನಾನು ಹೊರಗಿನ ಬೆಂಚಿನಲ್ಲಿದ್ದೆ. ಹತ್ತು ಹದಿನೈದು ನಿಮಿಷಗಳಲ್ಲಿ ಅಂಗೈ ತುರಿಸಿತು. ನೋಡುತ್ತಿದ್ದಂತೆ ಹೊಟ್ಟೆಯ ಮೇಲೆಲ್ಲ ದದ್ದುಗಳು ಎದ್ದವು, ತುಟಿ ದಪ್ಪವಾಯಿತು, ಗಂಟಲು ಕಟ್ಟಿ ದನಿ ಒಡೆಯಿತು. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ ನರ್ಸನ್ನು ಕೂಗಿದರು. ತೊಡೆಗೆ ಅಡ್ರಿನಲಿನ್ ಚುಚ್ಚಿದ ಮೇಲೆ ಉಸಿರು ತಿಳಿಯಾಯಿತು. ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡರು. ಜೀವ ಉಳಿಸಿದವರಿಗೆ ನಾನು ಋಣಿ. ಆದರೂ ಬಿಡುಗಡೆಯ ಚೀಟಿಯಲ್ಲಿ ಔಷಧದ ಹೆಸರು ಬರೆಯದೆ ಬರೀ 'ಸ್ಟೆರಾಯ್ಡ್ ಅಲರ್ಜಿ' ಎಂದು ಬರೆದದ್ದನ್ನು ನಾನು ಒಪ್ಪುವುದಿಲ್ಲ. ಅಲರ್ಜಿ, ಉಬ್ಬಸ, ಇನ್ನೆಷ್ಟೋ ಕಾಯಿಲೆಗಳಿಗೆ ಸ್ಟೆರಾಯ್ಡೇ ಮದ್ದು. ಆ ಎರಡು ಪದ ಅವೆಲ್ಲಕ್ಕೂ ಬಾಗಿಲು ಹಾಕುತ್ತವೆ.

ಯಜಮಾನರು ಔಷಧದಂಗಡಿಯ ಬಿಲ್ ಎತ್ತಿಟ್ಟಿದ್ದರು. ಬೆಂಗಳೂರಿನ ಅಲರ್ಜಿ ತಜ್ಞರು ಅದರಲ್ಲಿದ್ದ ಹೆಸರನ್ನು ನೋಡಿದ ಕೂಡಲೇ ಒಂದು ಪ್ರಶ್ನೆ ಕೇಳಿದರು: "ಮಲಬದ್ಧತೆಗೆ ನೀರಿನಲ್ಲಿ ಕದಡಿ ಕುಡಿಯುವ ಪುಡಿ ತೆಗೆದುಕೊಂಡಿದ್ದಿರಾ ಅಮ್ಮ?" ಹಿಂದಿನ ವರ್ಷ ಕುಡಿದಿದ್ದೆ. ಆಗಲೂ ಅಂಗೈ ತುರಿಸಿತ್ತು, ಬದನೆಕಾಯಿ ತಿಂದದ್ದಕ್ಕೆ ಎಂದುಕೊಂಡಿದ್ದೆ. ಅಸಿಟೇಟ್ ರೂಪದ ಈ ಔಷಧ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಸಣ್ಣ ಕಣಗಳಾಗಿ ತೇಲಿಸಿಡುವ ದ್ರವದಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಇರುತ್ತದೆ, ಮ್ಯಾಕ್ರೋಗಾಲ್ ಎಂದೂ ಕರೆಯುತ್ತಾರೆ. ಮಲಬದ್ಧತೆಯ ಆ ಪುಡಿಯೂ ಅದೇ ವಸ್ತು. ಚರ್ಮದ ಪರೀಕ್ಷೆಯಲ್ಲಿ ಅದನ್ನು ಇಟ್ಟ ಜಾಗ ಮಾತ್ರ ಉಬ್ಬಿತು. ನೀರಿನಲ್ಲಿ ಕರಗುವ ಮಿಥೈಲ್‌ಪ್ರೆಡ್ನಿಸೋಲೋನ್‌ಗೆ ಏನೂ ಆಗಲಿಲ್ಲ, ಅಂದು ಭುಜದ ಇಂಜೆಕ್ಷನ್ನಿಗೆ ಬೆರೆಸಿದ್ದ ಮರಗಟ್ಟಿಸುವ ಮದ್ದಿಗೂ ಆಗಲಿಲ್ಲ. ಹಾಲಿನ ಅಲರ್ಜಿ ಇರುವವರು ಇಲ್ಲೊಂದು ವಿಷಯ ತಿಳಿದಿರಬೇಕು: ಕರಗುವ ಬಗೆಯ 40 ಮಿ.ಗ್ರಾಂ. ಸೀಸೆಯಲ್ಲಿ ಹಸುವಿನ ಹಾಲಿನಿಂದ ತೆಗೆದ ಲ್ಯಾಕ್ಟೋಸ್ ಇರುವುದುಂಟು.

ಮೂರನೆಯದು ಟ್ರಯಾಮ್ಸಿನೋಲೋನ್ ಇಂಜೆಕ್ಷನ್. ಇದರಲ್ಲಿ ಔಷಧದ ಕಣಗಳನ್ನು ದ್ರವದಲ್ಲಿ ಹರಡಿಡಲು ನೆರವಾಗುವ ಪಾಲಿಸಾರ್ಬೇಟ್ 80 ಎಂಬ ವಸ್ತು ಇರುತ್ತದೆ. ಮ್ಯಾಕ್ರೋಗಾಲ್ ಒಗ್ಗದ ಕೆಲವರಿಗೆ ಅದೂ ಒಗ್ಗುವುದಿಲ್ಲವಾದ್ದರಿಂದ ಮೊದಲು ಚರ್ಮದ ಮೇಲೆ ಪರೀಕ್ಷಿಸಿ, ಆಮೇಲೆ ಕೊಟ್ಟು, ಒಂದು ಗಂಟೆ ಕಣ್ಣೆದುರೇ ಕೂರಿಸಿಕೊಂಡರು. ಏನೂ ಆಗಲಿಲ್ಲ. ಆದರೆ ಅದೇ ರಾತ್ರಿ ಭುಜ ಮೊದಲಿಗಿಂತ ಹೆಚ್ಚು ನೋಯಿತು, ಮರುದಿನ ಮುಖ ಕೆಂಪಾಗಿ ಬಿಸಿಯೇರಿತು. ಹೆದರಿ ಫೋನ್ ಮಾಡಿದೆ. ದದ್ದು ಇದೆಯೇ, ತುಟಿ ಊದಿದೆಯೇ, ಉಸಿರು ಸರಾಗವಾಗಿದೆಯೇ ಎಂದು ಒಂದೊಂದಾಗಿ ವಿಚಾರಿಸಿ, ಇದು ಅಲರ್ಜಿಯಲ್ಲ ಎಂದರು. ಔಷಧದ ಹರಳುಗಳು ಕೀಲನ್ನು ಕೆರಳಿಸಿ ಒಂದೆರಡು ದಿನ ನೋವು ಏರುವುದುಂಟು, ಮುಖ ಕೆಂಪೇರುವುದು ಸ್ಟೆರಾಯ್ಡಿನ ಅಡ್ಡಪರಿಣಾಮ. ಐಸ್ ಸುತ್ತಿದ ಬಟ್ಟೆ ಇಟ್ಟುಕೊಂಡೆ, ಎರಡು ದಿನದಲ್ಲಿ ಎರಡೂ ತಗ್ಗಿದವು. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಈ ಮದ್ದನ್ನೂ ಅಲರ್ಜಿಯ ಪಟ್ಟಿಗೆ ಸೇರಿಸಿಬಿಡುತ್ತಿದ್ದೆ. ಚುಚ್ಚಿದ ಜಾಗದಲ್ಲಿ ಚರ್ಮ ಒಂದು ರೂಪಾಯಿಯಗಲ ಬೆಳ್ಳಗಾಗಿದೆ, ಅದು ಇನ್ನೂ ಹೋಗಿಲ್ಲ.

ಕೇವಲ ಭುಜಕ್ಕಾದರೆ ನಾನು ಮತ್ತೆ ಮಾತ್ರೆಯನ್ನು ಆರಿಸಿಕೊಳ್ಳುವುದಿಲ್ಲ. ಒಂದು ಕೀಲಿಗಾಗಿ ಇಡೀ ಮೈ ಬೆಲೆ ತೆರುತ್ತದೆ. ಟ್ರಯಾಮ್ಸಿನೋಲೋನ್ ನನಗೆ ನಾಲ್ಕು ತಿಂಗಳು ನೆಮ್ಮದಿ ಕೊಟ್ಟಿದೆ, ಆ ಬಿಡುವಿನಲ್ಲಿ ವ್ಯಾಯಾಮ ಮಾಡಲು ಸಾಧ್ಯವಾಯಿತು. ಸಕ್ಕರೆ ಕಾಯಿಲೆ ಇರುವವರು ಯಾವುದನ್ನು ತೆಗೆದುಕೊಂಡರೂ ಕೆಲವು ದಿನ ಸಕ್ಕರೆಯ ಮಟ್ಟ ನೋಡಿಕೊಳ್ಳಲೇಬೇಕು. ಹಚ್ಚುವ ಸ್ಟೆರಾಯ್ಡ್ ಮುಲಾಮು ಇಂಥ ಭುಜದ ನೋವಿಗೆ ಬಳಸುವಂಥದ್ದಲ್ಲ, ನಾನು ಬಳಸಿಯೂ ಇಲ್ಲ. ಆದರೆ ಸ್ಟೆರಾಯ್ಡ್ ಮುಲಾಮಿಗೂ ಅಲರ್ಜಿ ಆಗುತ್ತದೆ, ಅದು ನಿಮಿಷಗಳ ಬದಲು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮುಲಾಮು ಹಚ್ಚಿದಷ್ಟೂ ಇಸುಬು ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಿ.

ಫೈಲಿನ ಮೇಲಿನ ಕೆಂಪು ಬರಹವನ್ನು ಹೊಡೆಸಿ, 'ಪಾಲಿಎಥಿಲೀನ್ ಗ್ಲೈಕಾಲ್ ಅಲರ್ಜಿ' ಎಂದು ಬರೆಸಿದ್ದೇನೆ. ಅದನ್ನೇ ಬರೆದ ಚೀಟಿ ನನ್ನ ಪರ್ಸಿನಲ್ಲಿದೆ, ಇನ್ನೊಂದು ಯಜಮಾನರ ಜೇಬಿನಲ್ಲಿದೆ. ಈ ಸಲದ ಹುಳುಗಳನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವಾಗ ಬಲಗೈ ನೋಯಲಿಲ್ಲ. ಸೊಪ್ಪಿನ ಹೊರೆಯನ್ನು ಮಾತ್ರ ಇನ್ನೂ ಎಡಭುಜದ ಮೇಲೆಯೇ ಹೊರುತ್ತಿದ್ದೇನೆ.