ಐದು ಕೈಗಡಿಯಾರಗಳು, ಇನ್ನೂ ಕೈಗೆ ಬಾರದ ಆರನೆಯದು

ಗಡಿಯಾರದ ವ್ಯಾಸವನ್ನು ಕಾಗದದ ಮೇಲೆ ಓದಿ ಅದು ನಮ್ಮ ಕೈಗೆ ಒಪ್ಪುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸಬಾರದು ಎಂಬುದು ನನಗೆ ತಡವಾಗಿ ಗೊತ್ತಾಯಿತು. ರಟ್ಟಿನಲ್ಲಿ 36, 38.5, 41 ಮತ್ತು 42 ಮಿಲಿಮೀಟರ್ ಅಗಲದ ಬಿಲ್ಲೆಗಳನ್ನು ಕತ್ತರಿಸಿ, 16.5 ಸೆಂಟಿಮೀಟರ್ ಸುತ್ತಳತೆಯ ನನ್ನ ಮಣಿಕಟ್ಟಿನ ಮೇಲೆ ಒಂದೊಂದನ್ನೇ ಇಟ್ಟು ನೋಡಿದ್ದೆ. 42ರ ಬಿಲ್ಲೆ ಮೂಳೆಯನ್ನು ದಾಟಿ ಹೊರಚಾಚಿಕೊಂಡಿತ್ತು. ಆದರೆ ಅದೇ ಅಳತೆಯ ಒಮೆಗಾ ಸ್ಪೀಡ್‌ಮಾಸ್ಟರ್ ಕೈಗೇರಿದಾಗ ಹೇಳಿ ಮಾಡಿಸಿದಂತೆ ಕೂತಿತು. ಪಟ್ಟಿಯನ್ನು ಹಿಡಿದಿಡುವ ಅದರ ನಾಲ್ಕು ಕಿವಿಗಳು ಕೆಳಕ್ಕೆ ಬಾಗಿ ಕೈಯನ್ನು ಅಪ್ಪಿಕೊಳ್ಳುತ್ತವೆ. ಗಾಜಿನ ಸುತ್ತಲಿನ ಕಪ್ಪು ಬಳೆ, ಅಂದರೆ ಬೆಜೆಲ್, ಡಯಲನ್ನು ಇರುವುದಕ್ಕಿಂತ ಚಿಕ್ಕದಾಗಿ ತೋರಿಸುತ್ತದೆ. ಅಂದಿನಿಂದ ನಾನು ವ್ಯಾಸಕ್ಕಿಂತ ಮೊದಲು ಕಿವಿಯಿಂದ ಕಿವಿಗಿರುವ ಉದ್ದವನ್ನೂ ಗಡಿಯಾರದ ದಪ್ಪವನ್ನೂ ವಿಚಾರಿಸುತ್ತೇನೆ.

ಎರಡು ವರ್ಷಗಳಿಂದ ನಾನು ಹುಡುಕುತ್ತಿರುವುದು ಬೆಳಿಗ್ಗೆ ಕಟ್ಟಿಕೊಂಡರೆ ರಾತ್ರಿಯವರೆಗೆ ಬಿಚ್ಚಬೇಕೆನ್ನಿಸದ, ಕೆಲಸಕ್ಕೂ ಸಮಾರಂಭಕ್ಕೂ ಸಲ್ಲುವ, ಮಕ್ಕಳ ಕಾಲಕ್ಕೂ ನಡೆಯುವ ಒಂದೇ ಒಂದು ಗಡಿಯಾರವನ್ನು. ಕಪಾಟು ತುಂಬ ಗಡಿಯಾರ ಜೋಡಿಸಿಕೊಳ್ಳುವ ಆಸೆ ನನಗಿಲ್ಲ. ಈ ಹುಡುಕಾಟದಲ್ಲಿ ಐದು ಗಡಿಯಾರಗಳು ಕೊನೆಯವರೆಗೂ ಉಳಿದವು. ಅವುಗಳಲ್ಲಿ ರೋಲೆಕ್ಸ್ ಎಕ್ಸ್‌ಪ್ಲೋರರ್ ಮತ್ತು ಸ್ಪೀಡ್‌ಮಾಸ್ಟರ್ ಎರಡನ್ನೂ ಆತ್ಮೀಯರಿಂದ ಎರವಲು ಪಡೆದು ಹತ್ತು ಹತ್ತು ದಿನ ಕಟ್ಟಿಕೊಂಡಿದ್ದೇನೆ. ಉಳಿದ ಮೂರನ್ನು ಭೂತಗನ್ನಡಿ ಹಿಡಿದು ಸಾವಧಾನವಾಗಿ ಪರಿಶೀಲಿಸಿದ್ದೇನೆ.

ಎಕ್ಸ್‌ಪ್ಲೋರರ್ ಮೊದಲು ಬಂದದ್ದು ಎವರೆಸ್ಟ್ ಶಿಖರವನ್ನು ಮನುಷ್ಯ ಮೊದಲ ಬಾರಿಗೆ ಏರಿದ 1953ರಲ್ಲಿ. ಕೆಲವು ವರ್ಷ 39 ಮಿಲಿಮೀಟರಿಗೆ ಹಿಗ್ಗಿದ್ದ ಇದನ್ನು 2021ರಲ್ಲಿ ರೋಲೆಕ್ಸ್ ಮತ್ತೆ 36ಕ್ಕೆ ಇಳಿಸಿತು, ಅದು ಸರಿಯಾದ ನಿರ್ಧಾರ. ಕಪ್ಪು ಡಯಲ್, 3, 6, 9 ಎಂಬ ಮೂರು ಅಂಕಿಗಳು, ಹನ್ನೆರಡರ ಜಾಗದಲ್ಲೊಂದು ತ್ರಿಕೋನ, ತಾರೀಖಿನ ಕಿಟಕಿಯ ಗೊಡವೆಯೇ ಇಲ್ಲ. ನಿದ್ದೆಗಣ್ಣಿನಲ್ಲಿ ನೋಡಿದರೂ ಸಮಯ ಒಂದೇ ನೋಟಕ್ಕೆ ಸಿಗುತ್ತದೆ. ಒಳಗಿರುವ 3230 ಯಂತ್ರ ಪೂರ್ತಿ ಕೀಲಿ ತುಂಬಿದ ಮೇಲೆ ಸುಮಾರು 70 ಗಂಟೆ ಓಡುತ್ತದೆ, ದಿನಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಹಿಂದೆಮುಂದೆ ಆಗುವುದಿಲ್ಲ ಎಂಬುದು ತಯಾರಕರ ಮಾತು. ಹತ್ತನೆಯ ದಿನ ನಾನು ತಾಳೆ ನೋಡಿದಾಗ ಒಟ್ಟು ಒಂಬತ್ತು ಸೆಕೆಂಡು ಮುಂದಿತ್ತು. ಸೆಕೆಯಲ್ಲಿ ಕೈ ಊದಿಕೊಂಡಾಗ ಪಟ್ಟಿಯನ್ನು ಯಾವ ಉಪಕರಣವೂ ಇಲ್ಲದೆ 5 ಮಿಲಿಮೀಟರ್ ಸಡಿಲಿಸಿಕೊಳ್ಳುವ ಕೊಂಡಿಯ ವ್ಯವಸ್ಥೆ ಚಿಕ್ಕದೆನಿಸಬಹುದು, ಆದರೆ ದಿನವಿಡೀ ಕಟ್ಟುವವರಿಗೆ ಅದರ ಬೆಲೆ ಗೊತ್ತು. ನೂರು ಮೀಟರ್ ಆಳದ ನೀರಿನ ಒತ್ತಡವನ್ನು ತಡೆಯುವ ಕವಚವಾದ್ದರಿಂದ ಮಳೆಗೆ, ಈಜಿಗೆ ಹೆದರಬೇಕಿಲ್ಲ. ಇಷ್ಟಾದರೂ ನನ್ನ ಮನಸ್ಸು ಅದರಲ್ಲಿ ಪೂರ್ತಿ ನೆಲೆಸಲಿಲ್ಲ. ಬೆನ್ನು ಉಕ್ಕಿನ ಮುಚ್ಚಳದಿಂದ ಮುಚ್ಚಿದೆ, ಯಂತ್ರ ಕಾಣುವುದಿಲ್ಲ. ಕೈಯ ಚಲನೆಯಿಂದಲೇ ತಾನಾಗಿ ಕೀಲಿ ತುಂಬಿಕೊಳ್ಳುವುದರಿಂದ ಅದಕ್ಕೆ ನಮ್ಮಿಂದ ಏನೂ ಬೇಕಾಗುವುದಿಲ್ಲ. ಹತ್ತು ದಿನಗಳಲ್ಲಿ ಒಮ್ಮೆಯೂ ಅದರೊಡನೆ ಮಾತಾಡಿದಂತೆ ಅನ್ನಿಸಲಿಲ್ಲ.

ಸ್ಪೀಡ್‌ಮಾಸ್ಟರ್ ಇದಕ್ಕೆ ತದ್ವಿರುದ್ಧ. 1957ರಲ್ಲಿ ಹುಟ್ಟಿ, 1965ರಲ್ಲಿ ನಾಸಾದ ಪರೀಕ್ಷೆಗಳಲ್ಲಿ ಗೆದ್ದು, 1969ರಲ್ಲಿ ಚಂದ್ರನ ಮೇಲೆ ಬಜ್ ಆಲ್ಡ್ರಿನ್ ಅವರ ಕೈಯಲ್ಲಿದ್ದ ಗಡಿಯಾರದ ವಂಶ ಇದು. ಆರ್ಮ್‌ಸ್ಟ್ರಾಂಗ್ ತಮ್ಮದನ್ನು ನೌಕೆಯೊಳಗೇ ಬಿಟ್ಟು ಇಳಿದಿದ್ದರು, ಏಕೆಂದರೆ ನೌಕೆಯ ಗಡಿಯಾರ ಕೈಕೊಟ್ಟಿತ್ತು. ಮರುವರ್ಷ ಅಪೊಲೊ 13ರ ಯಾತ್ರಿಗಳು ಹಿಂದಿರುಗುವ ದಾರಿಯಲ್ಲಿ ಎಂಜಿನನ್ನು 14 ಸೆಕೆಂಡು ಮಾತ್ರ ಉರಿಸಬೇಕಾಗಿ ಬಂದಾಗ ಲೆಕ್ಕ ಹಿಡಿದದ್ದೂ ಇದೇ. ಈ ಕಥೆಗಳು ಎಷ್ಟೇ ರೋಚಕವಾಗಿರಲಿ, ನನ್ನನ್ನು ಗೆದ್ದದ್ದು ಬೆಳಗಿನ ಕೀಲಿ. ಇದು ತಾನಾಗಿ ತುಂಬಿಕೊಳ್ಳುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ತಿರುಗಣೆಯನ್ನು ಹಿಡಿದು ತಿರುಗಿಸಿದರೆ ಒಳಗಿನ ತಡೆಗೊಂಡಿ ಹಲ್ಲುಗಾಲಿಯ ಮೇಲೆ ಸರಿಯುವ ಸಣ್ಣ ಕಟಕಟ ಸದ್ದು ಬೆರಳ ತುದಿಗೇ ಕೇಳಿಸುತ್ತದೆ. ಮೊದಮೊದಲು ಸಡಿಲವಾಗಿರುವ ತಿರುಗಣೆ ಸುತ್ತು ಹೆಚ್ಚಿದಂತೆ ಬಿಗಿಯಾಗುತ್ತಾ ಬಂದು, ಸುರುಳಿ ಪೂರ್ತಿ ತುಂಬಿದಾಗ ‘ಸಾಕು’ ಎಂದಂತೆ ನಿಲ್ಲುತ್ತದೆ. ಒಮ್ಮೆ ತುಂಬಿದರೆ 50 ಗಂಟೆ, ಹಾಗಾಗಿ ಒಂದು ದಿನ ಮರೆತರೂ ಅದು ಮುನಿಸಿಕೊಳ್ಳುವುದಿಲ್ಲ.

ಗಾಜಿನ ಆಯ್ಕೆಯಲ್ಲಿ ನಾನು ನೀಲಮಣಿ ಗಾಜನ್ನು ಬಿಟ್ಟು ಹೆಸಲೈಟನ್ನೇ ಒಪ್ಪುತ್ತೇನೆ. ಇದು ಒಂದು ಬಗೆಯ ಪ್ಲಾಸ್ಟಿಕ್. ಗೀರು ಬೇಗ ಬೀಳುತ್ತದೆ, ಆದರೆ ಚೂರುಚೂರಾಗಿ ಒಡೆಯುವುದಿಲ್ಲ, ಬಿದ್ದ ಗೀರನ್ನು ಮೆರುಗಿನ ಲೇಪ ಹಚ್ಚಿ ಮನೆಯಲ್ಲೇ ಉಜ್ಜಿ ತೆಗೆಯಬಹುದು. ಗಾಜಿನ ನಟ್ಟನಡುವೆ, ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಕಾಣುವಂತೆ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಮೆಗಾ ಚಿಹ್ನೆಯನ್ನು ಕೆತ್ತಿದ್ದಾರೆ. ಅದನ್ನು ನಾನಾಗಿ ಕಂಡುಕೊಂಡ ಸಂಜೆ ಎಷ್ಟು ಹೊತ್ತು ದೀಪದ ಕೆಳಗೆ ಗಡಿಯಾರವನ್ನು ಹೊರಳಿಸುತ್ತಾ ಕೂತಿದ್ದೆನೋ ತಿಳಿಯದು. 2021ರಿಂದ ಇದರ ಸಾಮಾನ್ಯ ಮಾದರಿಯಲ್ಲಿ ಬರುತ್ತಿರುವ 3861 ಯಂತ್ರ 15,000 ಗಾಸ್‌ವರೆಗಿನ ಕಾಂತಕ್ಷೇತ್ರವನ್ನು ತಾಳಿಕೊಳ್ಳುತ್ತದೆ. ಫೋನು, ಸ್ಪೀಕರುಗಳ ಮಧ್ಯೆ ಬದುಕುವ ನಮಗೆ ಇದು ಬಹಳ ಉಪಯುಕ್ತವಾದ ಗುಣ. ನನ್ನ ತಕರಾರು ದಪ್ಪದ ಬಗ್ಗೆ. ಅಂಗಿಯ ತೋಳಿನ ಗುಂಡಿ ಹಾಕಿದರೆ ಗಡಿಯಾರ ಒಳಗೂ ಹೋಗದೆ ಹೊರಗೂ ನಿಲ್ಲದೆ ಬಟ್ಟೆಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಸ್ಟಾಪ್ ವಾಚೂ ಆಗಿರುವ ಇದರ ಮೂರು ಚಿಕ್ಕ ಡಯಲುಗಳಲ್ಲಿ ನನಗೆ ನಿತ್ಯ ಬೇಕಾದದ್ದು ಒಂದು ಮಾತ್ರ.

ಜೆಜರ್-ಲಕೂಲ್ಟ್ರ್ ರಿವರ್ಸೊ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರ ಚೆಲುವು ಒಂದು ಚಲನೆಯಲ್ಲಿದೆ. ಭಾರತದಲ್ಲಿ ಪೋಲೊ ಆಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ಗಡಿಯಾರದ ಗಾಜು ಆಟದಲ್ಲಿ ಒಡೆಯುತ್ತಿತ್ತೆಂಬ ದೂರಿಗೆ ಉತ್ತರವಾಗಿ 1931ರಲ್ಲಿ ಇದನ್ನು ರೂಪಿಸಿದರು. ಆಯತಾಕಾರದ ಕವಚವನ್ನು ಹೆಬ್ಬೆರಳಿಂದ ಪಕ್ಕಕ್ಕೆ ತಳ್ಳಿದರೆ ಅದು ತನ್ನ ತೊಟ್ಟಿಲಲ್ಲಿ ಜಾರಿ, ಮಗುಚಿ, ಬೆನ್ನು ಮೇಲಾಗಿ ಟಕ್ಕೆಂದು ಕೂರುತ್ತದೆ. ಗಾಜು ಒಳಗೆ ಸುರಕ್ಷಿತ. ಒಂದಿಷ್ಟೂ ಅಲುಗಾಟವಿಲ್ಲದ ಆ ಜಾರುವಿಕೆಯಲ್ಲಿ ಇಡೀ ಕಾರ್ಖಾನೆಯ ಕೌಶಲ ಇದೆ. ಅಂಗಿಯ ತೋಳಿಗೆ ಇದರಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಆದರೆ 42 ಗಂಟೆಯ ಓಟ, 30 ಮೀಟರಿನ ಜಲರಕ್ಷಣೆ ಎಂದರೆ ಕೈತೊಳೆಯುವಾಗಲೂ ಎಚ್ಚರವಿರಬೇಕು. ನಿತ್ಯದ ಒಂದೇ ಗಡಿಯಾರವಾಗಲು ಅದು ತೀರಾ ನಾಜೂಕು.

ಗ್ರ್ಯಾಂಡ್ ಸೀಕೊದ ‘ಸ್ನೋಫ್ಲೇಕ್’ ನನ್ನನ್ನು ಹೆಚ್ಚು ಕಾಡಿದೆ. ಜಪಾನಿನ ಶಿನ್‌ಶೂ ಸೀಮೆಯ ಹಿಮವನ್ನು ನೆನಪಿಸುವ ಅದರ ಬಿಳಿ ಡಯಲನ್ನು ಭೂತಗನ್ನಡಿಯಲ್ಲಿ ನೋಡಿದರೆ, ಗಾಳಿ ಬೀಸಿ ಹೋದ ಮೇಲೆ ಮಂಜಿನ ಮೇಲೆ ಉಳಿಯುವಂಥ ಸಣ್ಣ ಏರಿಳಿತಗಳು ಕಾಣುತ್ತವೆ. ಕನ್ನಡಿಯಷ್ಟು ನುಣುಪಾದ ಮುಳ್ಳುಗಳ ಅಂಚು ಕತ್ತಿಯ ಅಲಗಿನಂತಿದೆ. ಅವು ಒಂದು ಕೋನದಲ್ಲಿ ಕಪ್ಪಾಗಿ, ಇನ್ನೊಂದು ಕೋನದಲ್ಲಿ ಬೆಳ್ಳಗೆ ಹೊಳೆಯುತ್ತವೆ. ಇವೆಲ್ಲದರ ಮಧ್ಯೆ ನೀಲಿ ಸೆಕೆಂಡು ಮುಳ್ಳು ಸದ್ದಿಲ್ಲದೆ, ಕುಪ್ಪಳಿಸದೆ, ನೀರಿನ ಮೇಲೆ ಎಲೆ ತೇಲುವಂತೆ ಸಾಗುತ್ತದೆ. ಸಾಮಾನ್ಯ ಯಾಂತ್ರಿಕ ಗಡಿಯಾರದ ಸೆಕೆಂಡು ಮುಳ್ಳು ಸೆಕೆಂಡಿಗೆ ಆರೋ ಎಂಟೋ ಪುಟ್ಟ ಹೆಜ್ಜೆ ಇಡುತ್ತದೆ. ಇದಕ್ಕೆ ಹೆಜ್ಜೆಯೇ ಇಲ್ಲ. ಸ್ಪ್ರಿಂಗ್ ಡ್ರೈವ್ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಬ್ಯಾಟರಿ ಇರುವುದಿಲ್ಲ. ಸುರುಳಿ ಸ್ಪ್ರಿಂಗು ಬಿಚ್ಚಿಕೊಳ್ಳುವ ಬಲದಿಂದಲೇ ಮುಳ್ಳುಗಳು ತಿರುಗುತ್ತವೆ, ಅದೇ ಬಲ ಒಂದಿಷ್ಟು ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತಿನಿಂದ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕದ ಲೆಕ್ಕಕ್ಕೆ ಸರಿಯಾಗಿ, ವೇಗ ಹೆಚ್ಚಾದಾಗೆಲ್ಲ ಒಂದು ವಿದ್ಯುತ್ಕಾಂತ ಗಾಲಿಯನ್ನು ಮುಟ್ಟದೆಯೇ ಹಿಡಿದೆಳೆದು ನಿಧಾನಿಸುತ್ತದೆ. ಇಂಥದ್ದೊಂದು ಸಾಧ್ಯವೆಂದು ಯೊಶಿಕಾಜು ಅಕಾಹಾನೆ ಎಂಬ ಎಂಜಿನಿಯರ್ 1977ರಲ್ಲೇ ಯೋಚಿಸಿದ್ದರು. ಅದು ಮಾರುಕಟ್ಟೆಗೆ ಬಂದದ್ದು 1999ರಲ್ಲಿ, ಅವರು ತೀರಿಕೊಂಡ ಮರುವರ್ಷ. ತಿಂಗಳಿಗೆ 15 ಸೆಕೆಂಡಿನ ಒಳಗಿನ ವ್ಯತ್ಯಾಸ, 72 ಗಂಟೆಯ ಓಟ, ಟೈಟಾನಿಯಂ ಮೈಯ ಹಗುರತನ, ಎಲ್ಲವೂ ಇವೆ. ಹಾಗಾದರೆ ಕೊರತೆ ಏನು? 41 ಮಿಲಿಮೀಟರ್ ಅಗಲ ನನ್ನ ಕೈಗೆ ಹೆಚ್ಚಾಯಿತು. ಎಂಟು ಗಂಟೆಯ ಬಳಿ ಕೀಲಿ ಎಷ್ಟು ಉಳಿದಿದೆಯೆಂದು ತೋರಿಸುವ ಮಾಪಕ ಆ ನಿರ್ಮಲ ಹಿಮದ ಮೇಲೆ ಯಾರೋ ಕಾಲಿಟ್ಟಂತೆ ಕಾಣುತ್ತದೆ.

ಅಂಚುಗಳ ಬಗ್ಗೆ ನಾನು ಇಷ್ಟು ಸೂಕ್ಷ್ಮವಾಗಿರುವುದಕ್ಕೆ ಒಂದು ನೋವಿನ ಕಾರಣವಿದೆ. ಹಲವು ವರ್ಷ ಕಟ್ಟಿಕೊಂಡಿದ್ದ ಉಕ್ಕಿನ ಗಡಿಯಾರವೊಂದನ್ನು ಸರ್ವೀಸಿಗೆ ಕೊಟ್ಟಿದ್ದಾಗ, ನನ್ನನ್ನು ಕೇಳದೆಯೇ ಕವಚವನ್ನೆಲ್ಲ ಉಜ್ಜಿ ಫಳಫಳ ಹೊಳೆಯುವಂತೆ ಮಾಡಿ ಕೊಟ್ಟರು. ಗೀರುಗಳ ಜೊತೆಗೆ ಕಿವಿಗಳ ಚೂಪಾದ ಅಂಚೂ ಹೋಗಿ, ಗಡಿಯಾರ ಚೀಪಿದ ಪೆಪ್ಪರ್‌ಮಿಂಟಿನಂತಾಗಿತ್ತು. ಕಳೆದ ಲೋಹ ಮರಳಿ ಬರುವುದಿಲ್ಲ. ಸರ್ವೀಸಿಗೆ ಕೊಡುವವರು ‘ಪಾಲಿಶ್ ಬೇಡ’ ಎಂದು ರಸೀದಿಯಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಐದನೆಯದು ಲಾಂಗೆ 1. ಜರ್ಮನಿಯ ಗ್ಲಾಸ್‌ಹ್ಯೂಟೆಯಲ್ಲಿ 1845ರಲ್ಲಿ ಫರ್ಡಿನಾಂಡ್ ಅಡಾಲ್ಫ್ ಲಾಂಗೆ ಆರಂಭಿಸಿದ್ದ ಕಾರ್ಖಾನೆಯನ್ನು ಎರಡನೆಯ ಮಹಾಯುದ್ಧದ ನಂತರ ಸರ್ಕಾರ ವಶಪಡಿಸಿಕೊಂಡಿತು. ಅವರ ಮರಿಮಗ ವಾಲ್ಟರ್ ಲಾಂಗೆ 1990ರಲ್ಲಿ ಆ ಹೆಸರಿಗೆ ಮರುಜೀವ ಕೊಟ್ಟು, 1994ರಲ್ಲಿ ಈ ಗಡಿಯಾರವನ್ನು ಲೋಕದ ಮುಂದಿಟ್ಟರು. ಗಂಟೆ-ನಿಮಿಷ ಒಂದು ಬದಿಗೆ, ಸೆಕೆಂಡು ಇನ್ನೊಂದು ಬದಿಗೆ, ಡ್ರೆಸ್ಡೆನ್ ಒಪೆರಾ ಭವನದ ಗಡಿಯಾರವನ್ನು ನೆನಪಿಸುವ ದೊಡ್ಡ ತಾರೀಖು ಮೇಲ್ಗಡೆ. ಒಂದರ ಮೇಲೊಂದು ಹಾಯದೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ. ಆದರೆ ಈ ಗಡಿಯಾರದ ನಿಜವಾದ ಮುಖ ಬೆನ್ನಿನಲ್ಲಿದೆ. ಜರ್ಮನ್ ಸಿಲ್ವರ್ ಎಂಬ ಮಿಶ್ರಲೋಹದ, ಯಂತ್ರದ ಮುಕ್ಕಾಲು ಭಾಗವನ್ನು ಮುಚ್ಚುವ ಫಲಕ, ಬೆಂಕಿಯಲ್ಲಿ ಕಾಯಿಸಿ ನೀಲಿಗೊಳಿಸಿದ ತಿರುಪುಗಳು, ತೂಗುಗಾಲಿಯನ್ನು ಹಿಡಿದ ಪುಟ್ಟ ಸೇತುವೆಯ ಮೇಲೆ ಕೈಯಿಂದ ಕೆತ್ತಿದ ಹೂಬಳ್ಳಿ. ಕೆತ್ತಿದ ಕೈ ಯಾವುದೆಂದು ಆ ಬಳ್ಳಿಯ ಬಾಗು ನೋಡಿಯೇ ಬಲ್ಲವರು ಹೇಳಬಲ್ಲರಂತೆ. ಯಂತ್ರವನ್ನು ಒಮ್ಮೆ ಜೋಡಿಸಿ, ಸರಿಪಡಿಸಿ, ಬಿಚ್ಚಿ, ಶುಚಿಮಾಡಿ, ಮತ್ತೆ ಎರಡನೆಯ ಬಾರಿ ಜೋಡಿಸುತ್ತಾರೆ. ಇದನ್ನು ನೋಡಿದ ಮೇಲೆ ಬೇರೆ ಯಂತ್ರಗಳು ಅರ್ಧಕ್ಕೇ ನಿಲ್ಲಿಸಿದ ಕೆಲಸದಂತೆ ಕಾಣುತ್ತವೆ. ಆದರೆ ಚಿನ್ನ, ಪ್ಲಾಟಿನಂಗಳ ಆ ಮೈಯನ್ನು ಹೊತ್ತು ಬಸ್ಸಿನ ಕಂಬಿ ಹಿಡಿಯಲು ನನಗೆ ಧೈರ್ಯ ಬಾರದು.

ಹೀಗಾಗಿ ನಾನು ಕಾಣುವ ಗಡಿಯಾರ ಈ ಐದರಿಂದಲೂ ಒಂದಿಷ್ಟು ಪಡೆದದ್ದು. ಎಕ್ಸ್‌ಪ್ಲೋರರಿನ ಅಳತೆ ಮತ್ತು ಗಟ್ಟಿತನ, ಸ್ಪೀಡ್‌ಮಾಸ್ಟರಿನ ಬೆಳಗಿನ ಕೀಲಿ, ರಿವರ್ಸೊದಂತೆ ತೋಳಿನೊಳಗೆ ಜಾರುವ ತೆಳುತನ, ಸ್ನೋಫ್ಲೇಕಿನ ತೇಲುವ ಮುಳ್ಳು, ಲಾಂಗೆಯ ಬೆನ್ನು. ಇದಕ್ಕೆ ತೀರಾ ಹತ್ತಿರ ಬರುವ ಒಂದು ಗಡಿಯಾರ ಈಗಾಗಲೇ ಇದೆ: ಸೀಕೊ ಸಮೂಹದ ಕ್ರೆಡೋರ್ ಎಯ್ಚಿ 2. ಪಿಂಗಾಣಿಯ ಬಿಳಿ ಡಯಲ್, ಅದರ ಮೇಲೆ ಕುಂಚದಿಂದ ಬರೆದ ಗುರುತುಗಳು, ಕೈಯಿಂದ ಕೀಲಿ ಕೊಡುವ ಸ್ಪ್ರಿಂಗ್ ಡ್ರೈವ್. ಕೀಲಿಯ ಮಾಪಕವನ್ನು ಜಾಣತನದಿಂದ ಬೆನ್ನಿಗೆ ಸಾಗಿಸಿದ್ದಾರೆ. ಆದರೆ ಅದರದೂ ಬೆಲೆಬಾಳುವ ಲೋಹದ ಮೈ, 39 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಾಟುವ ದಪ್ಪ. ಅದನ್ನೇ ಉಕ್ಕಿನಲ್ಲಿ, 36.5 ಮಿಲಿಮೀಟರಿಗೆ ಇಳಿಸಿ, 9 ಮಿಲಿಮೀಟರ್ ದಪ್ಪದಲ್ಲಿ, ನೂರು ಮೀಟರ್ ನೀರು ತಡೆಯುವಂತೆ ಮಾಡಿಕೊಟ್ಟರೆ ನನ್ನ ಹುಡುಕಾಟ ಅಂದಿಗೆ ಮುಗಿಯಿತು. 36.5ರ ಬಿಲ್ಲೆಯೊಂದನ್ನು ಹೊಸದಾಗಿ ಕತ್ತರಿಸಿಟ್ಟುಕೊಂಡಿದ್ದೇನೆ. ಅದರ ಮೇಲೆ ಪೆನ್ಸಿಲಿನಿಂದ ಎರಡು ಮುಳ್ಳು ಮತ್ತು ಒಂದು ನೀಲಿ ಗೆರೆ ಬರೆದಿದ್ದೇನೆ, ತಾರೀಖಿನ ಕಿಟಕಿಯನ್ನು ಬರೆದು ಅಳಿಸಿದ್ದೇನೆ.