ಹಿರಿಯರಿಗೆ ಮನೆಯಲ್ಲೇ ಕಿರುಕುಳ: 112, ಎಸಿ ಕಚೇರಿ, 14567

ಪಕ್ಕದ ಮನೆಯ ಅಜ್ಜಿಗೆ ಮಗ ಹೊಡೆಯುತ್ತಾನೆ, ಎಲ್ಲಿ ದೂರು ಕೊಡಲಿ ಎಂದು ಕೇಳಿದ್ದೀರಿ. ಹೊಡೆತ ಬೀಳುತ್ತಿದ್ದರೆ ಯೋಚನೆಯೇ ಬೇಡ, 112ಕ್ಕೆ ಫೋನ್ ಮಾಡಿ. ಆದರೆ ತಿಂಗಳ ಊಟ, ಔಷಧಿ ಖರ್ಚನ್ನು ಪೊಲೀಸರು ಕೊಡಿಸೋದಿಲ್ಲ.

ಅದಕ್ಕೆ ಎಸಿ, ಅಂದರೆ ಉಪವಿಭಾಗಾಧಿಕಾರಿ, ನಡೆಸುವ ನ್ಯಾಯಮಂಡಳಿ ಇದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಇರುವ 2007ರ ಕಾಯ್ದೆಯಡಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ವಕೀಲರನ್ನು ಇಡಲೇಬೇಕು ಅಂತಿಲ್ಲ. ಅಜ್ಜಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿದವರು ಅರ್ಜಿ ಹಾಕಬಹುದು. ಮಗನಿಗೆ ನೋಟಿಸ್ ತಲುಪಿದ 90 ದಿನದಲ್ಲಿ ಅರ್ಜಿಯನ್ನು ಮುಗಿಸಬೇಕು ಎಂಬ ನಿಯಮವಿದೆ, ಆದರೂ ಜಾಸ್ತಿ ಎಳೆಯೋದುಂಟು. ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರೆ ಈ ದಾರಿಯೇ ಮುಖ್ಯ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟಿದ್ದು, ಮಗ ತಪ್ಪಿದರೆ, ಸೆಕ್ಷನ್ 23ರಡಿ ರದ್ದು ಮಾಡಿಸಬಹುದು. ಮೊದಲು ಆ ಪತ್ರ ಓದಿಸಿ. ಷರತ್ತು ಬರೆದಿಲ್ಲದಿದ್ದರೆ ವಾದ ಕಷ್ಟ.

ಮಗ ಜೈಲಿಗೆ ಹೋಗ್ತಾನೆ ಅಂತ ಅಜ್ಜಿಗೇ ಭಯ ಇರುತ್ತೆ, ಅಲ್ವಾ? ಆಗ ಹಿರಿಯ ನಾಗರಿಕರ ಸಹಾಯವಾಣಿ 14567 ವಾಸಿ. ಕರೆ ಉಚಿತ, ಸಲಹೆಯೂ ಸಿಗುತ್ತದೆ. ಆದೇಶ ಹೊರಡಿಸುವ ಅಧಿಕಾರ ಮಾತ್ರ ಅವರಿಗಿಲ್ಲ.

ಯಾವುದಕ್ಕೂ ಅಜ್ಜಿ ಒಬ್ಬರೇ ಇದ್ದಾಗ ಮಾತಾಡಿಸಿ. ಮಗನ ಎದುರು ಕೇಳಿದರೆ “ಏನೂ ಇಲ್ಲಪ್ಪ” ಅಂದುಬಿಡುತ್ತಾರೆ.